ಶನಿವಾರದ ಹೊಗೆ ಯಾರದು?

ಪಾಲೊ, ಮಿನಿಸೋಟ
ಜೂನ್ ಕೊನೆಯ ಶುಕ್ರವಾರ, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಉಸಿರಾಟ ಹೇಗಿದೆ? ಲೆಂಪಿ ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು ಬರುತ್ತದೆಯೇ? ಉಸಿರಿನ ಪಂಪನ್ನು ಕೈಚೀಲದ ತಳದಲ್ಲಿ ಹೂತಿಡಬೇಡ, ಕೈಗೆ ಸಿಗುವ ಹಾಗೆ ಮೇಲೇ ಇರಲಿ. ಪೆನ್ನು ಹಿಡಿಯಲು ನನಗೆ ಎಷ್ಟು ಸೋಮಾರಿತನ ಅಂತ ನಿನಗೆ ಗೊತ್ತಲ್ಲ. ಟ್ರಕ್ಕಿನಲ್ಲಿ ಕೂತು ಫೋನಿಗೆ ಮಾತಾಡುತ್ತಿದ್ದೇನೆ, ಅದೇ ಅಕ್ಷರ ಮಾಡಿಕೊಳ್ಳುತ್ತದೆ, ಇವತ್ತೇ ಅಂಚೆಗೆ ಹಾಕುತ್ತೇನೆ, ನಾಳೆ ನಿನ್ನ ಕೈಸೇರುತ್ತದೆ. ಮಾತು ಉದ್ದವಾದರೆ ಬೈಯಬೇಡ, ಈ ಬಾಯಿ ನಿನ್ನ ಕಡೆಯಿಂದಲೇ ಬಂದದ್ದು.

ಚಿಕ್ಕಮ್ಮನ ಊರು ಡುಲೂತಿಗೆ ಹೊರಟಾಗ ನೀನು ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ನಿನ್ನ ಆ ಸೌನಾ ಇರ್ಬೇಕು, ಇಲ್ಲ ನಾನಿರ್ಬೇಕು ವೈಕ್ಕೊ. ಎರಡೂ ಒಂದೇ ಅಂಗಳದಲ್ಲಿ ಆಗಲ್ಲ." ಅಪ್ಪ ನಿನ್ನ ಪೆಟ್ಟಿಗೆಯನ್ನು ಕಾರಿಗೆ ಹಾಕಿ, ಟೊಪ್ಪಿ ಸರಿಮಾಡಿಕೊಂಡು ಸೌದೆಮನೆಗೆ ಹೋದರು. ಇವತ್ತು ಆ ಮಾತನ್ನು ನಿನ್ನಿಂದ ವಾಪಸು ತೆಗೆಸಬೇಕು ಅಂತಲೇ ಕೂತಿದ್ದೇನೆ.

ನೀನು ಆಸ್ಪತ್ರೆ ಸೇರಿದ ಆ ಶನಿವಾರವನ್ನು ನೆನಪಿಸಿಕೋ. ಹೊಗೆಯ ವಾಸನೆ ಬಂದಾಗ ಊರಲ್ಲಿ ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ನಮ್ಮಲ್ಲಿ ಶನಿವಾರ ಹೊಗೆ ಬರದಿದ್ದರೆ ತಾನೇ ಗಾಬರಿ! ಹಿತ್ತಲು ಹಿತ್ತಲಲ್ಲೂ ಹಬೆಸ್ನಾನಕ್ಕೆ ಸೌನಾದ ಕಲ್ಲು ಕಾಯುವ ದಿನ. ನೀನೂ ಕಿಟಕಿಗಳನ್ನೆಲ್ಲ ತೆರೆದಿಟ್ಟು ಏಲಕ್ಕಿ ಬ್ರೆಡ್ಡು ಸುಡುತ್ತ ನಿಂತಿದ್ದೆ. ಆಚೆಮನೆ ಆರ್ವಿಡ್ ಫೋನ್ ಮಾಡಿ, "ಏನೋ ವೈಕ್ಕೊ, ಒಲೆಗೆ ಹಸಿ ಸೌದೆ ತುರುಕಿದ್ದೀಯಾ? ಊರನ್ನೇ ಮೀನಿನ ಥರ ಹೊಗೆಗಿಟ್ಟಿದ್ದೀಯಲ್ಲೋ!" ಅಂದ. "ಮೊದ್ಲು ನಿನ್ನ ಚಿಮಣಿ ಗುಡಿಸ್ಕೋ ಹೋಗು" ಅಂದರು ಅಪ್ಪ. ಇಬ್ಬರಿಗೂ ನಗು. ಸಂಜೆ ಹೊತ್ತಿಗೆ ನಿನಗೆ ಉಸಿರೇ ಸಿಗಲಿಲ್ಲ, ಆಂಬುಲೆನ್ಸ್ ಬಂತು. ಆಮೇಲೆ ಯಾರೂ ನಗಲಿಲ್ಲ.

ಅಂದಿನಿಂದ ಅಪ್ಪ ಸೌನಾಕ್ಕೆ ಬೆಂಕಿ ಹಾಕಿಲ್ಲ. ಅವರ ಮುಖ ನೋಡಿ ಆರ್ವಿಡ್ ಕೂಡ ಹಾಕಿಲ್ಲ. ಹೋದ ಶನಿವಾರ ನಮ್ಮ ರಸ್ತೆಯ ಒಂದು ಚಿಮಣಿಯೂ ಹೊಗೆಯಾಡಲಿಲ್ಲ. ಆದರೂ ಸೂರ್ಯ ಹಳೇ ತಾಮ್ರದ ಬಿಲ್ಲೆಯ ಹಾಗಿದ್ದ, ಕೆರೆಯ ಆಚೆ ದಡ ಕಾಣಲಿಲ್ಲ. ಅದು ಕೆನಡಾದ ಹೊಗೆ ಅಮ್ಮಾ. ಮ್ಯಾನಿಟೋಬಾದಲ್ಲಿ ಕಾಡು ಉರಿಯುತ್ತಿದೆ. ಆ ಕಾವಿಗೆ ಹೊಗೆ ಮೋಡದೆತ್ತರಕ್ಕೆ ಏರಿ, ಗಾಳಿಯ ಬೆನ್ನು ಹತ್ತಿ ಗಡಿ ದಾಟಿ, ತಣ್ಣನೆ ಗಾಳಿ ಇಳಿಯುವ ಕಡೆ ಅದರ ಜೊತೆ ತಾನೂ ಇಳಿಯುತ್ತದೆ. ನಮ್ಮ ಅಂಗಳಕ್ಕೆ ಇಳಿಯಿತು, ಅಷ್ಟೆ. ಶಾಲೆಯ ಮೇಲೆ ಗಾಳಿ ಅಳೆಯುವ ಪೆಟ್ಟಿಗೆ ಕೂರಿಸಿದ್ದಾರಲ್ಲ, ಅಲ್ಲಿಗೆ ಹೋಗಿ ಆಂಬುಲೆನ್ಸ್ ಬಂದ ಶನಿವಾರದ ಗೆರೆ ತೋರಿಸಿ ಅಂದೆ. ಬೆಳಗಿನ ಕಾಫಿ ಹೊತ್ತಿಗೇ ಅಪಾಯದ ಕೆಂಪಿಗೆ ಏರಿತ್ತು. ಅಪ್ಪ ಕಡ್ಡಿ ಗೀರಿದ್ದು ಮಧ್ಯಾಹ್ನದ ಊಟ ಆದ ಮೇಲೆ, ನೀನೇ ತಟ್ಟೆ ತೊಳೆಯುತ್ತಿದ್ದೆ. ಅವರ ಹೊಗೆ ಸೇರಲೇ ಇಲ್ಲ ಅನ್ನುವುದಿಲ್ಲ, ಸೇರಿತು, ಚಿಟಿಕೆಯಷ್ಟು. ಆದರೆ ಇಡೀ ಕಾಡಿನ ಪಾಪವನ್ನು ಒಂದು ಒಲೆಯ ತಲೆಗೆ ಕಟ್ಟಬಾರದು.

ಇನ್ನೊಂದು, ನಗಬೇಡ. ನೀನು ಓಡಿಹೋದದ್ದು ಹೊಗೆ ಹೋಗುವ ದಾರಿಯಲ್ಲೇ. ನಿನ್ನೆ ಡುಲೂತಿನ ಗಾಳಿ ನಮ್ಮದಕ್ಕಿಂತ ಕೆಟ್ಟಿತ್ತು. ಚಿಕ್ಕಮ್ಮ ನಿನಗೆ "ಸರೋವರದ ಗಾಳಿ, ಚೆನ್ನಾಗಿ ಎಳ್ಕೋ ಐಲಿ" ಅಂತ ಕಿಟಕಿ ತೆರೆದಿರುತ್ತಾಳೆ, ನಾನು ಬಲ್ಲೆ. ಈಗಲೇ ಎದ್ದು ಮುಚ್ಚು. ಇಲ್ಲಿ ನಿನ್ನ ಕೋಣೆ ಸಿದ್ಧವಾಗಿದೆ. ಕಿಟಕಿಯ ಸಂದುಗಳಿಗೆ ಟೇಪು ಹೊಡೆದಿದ್ದೇನೆ, ಫ್ಯಾನಿನ ಸುತ್ತ ಫಿಲ್ಟರುಗಳನ್ನು ಕಟ್ಟಿದ್ದೇನೆ. ನೋಡಲು ಕೋಳಿಗೂಡಿನ ಹಾಗಿದೆ, ಆದರೆ ಹೊರಗೆ ಕೆಂಪು ಇದ್ದಾಗಲೂ ಒಳಗಿಟ್ಟ ಗಾಳಿ ಅಳೆಯುವ ಯಂತ್ರ ಹಸಿರು ತೋರಿಸುತ್ತದೆ. ಮ್ಯಾನಿಟೋಬಾದ ಗಾಳಿಯನ್ನು ನಿಲ್ಲಿಸಲು ನನ್ನ ಕೈಲಾಗದು, ಆದರೆ ಒಂದು ಕೋಣೆ ಕಾಯಬಲ್ಲೆ. ಗಾಳಿ ತಿಳಿಯಾದ ದಿನ ಕಿಟಕಿಯೂ ತೆರೆಯಲಿ, ಸೌನಾವೂ ಕಾಯಲಿ. ಅದು ಶನಿವಾರವೇ ಆಗಬೇಕೆಂದೇನಿಲ್ಲ.

ಭಾನುವಾರ ಟ್ರಕ್ಕು ತರುತ್ತೇನೆ. ನೀನು ಬರುತ್ತೀಯ, ನನಗೆ ಅನುಮಾನವೇ ಇಲ್ಲ. ಚಿಕ್ಕಮ್ಮನಿಗೆ ನಮಸ್ಕಾರ ಹೇಳು, ಅವಳ ಬೆಕ್ಕಿಗೂ.

ನಿನ್ನ ಬಾಯಿಬಡುಕ ಮಗ,
ವರ್ನರ್

ಮರೆತಿದ್ದೆ: ಅಪ್ಪ ಸೌನಾದ ಬಾಗಿಲಿಗೆ ಅಡ್ಡ ಹಲಗೆ ಇಟ್ಟು ಮೊಳೆ ಹೊಡೆದಿದ್ದಾರೆ. ನೀನು ಹೋದ ದಿನವೇ. ಶಾಲೆಯ ಆ ಗೆರೆಯನ್ನು ತೋರಿಸಿದೆ. ತುಂಬ ಹೊತ್ತು ನೋಡಿದರು, ಕಣ್ಣೊರೆಸಿಕೊಂಡರು. ಹಾಗಾದರೆ ಮೊಳೆ ಕೀಳೋಣ ಅಂದೆ. "ನಾವ್ಯಾರೋ ಕೀಳೋಕೆ" ಅಂದರು. ಸುತ್ತಿಗೆಯನ್ನು ಅಡುಗೆಮನೆಯಲ್ಲಿ ನೀನು ಏಪ್ರನ್ ಸಿಕ್ಕಿಸುವ ಮೊಳೆಗೆ ನೇತುಹಾಕಿದ್ದಾರೆ.