ಮೊದಲ ಕೂಗು

ಆಲ್ಕೊಳ, ಶಿವಮೊಗ್ಗ
ಜನವರಿ ೬, ೨೦೨೫

ಪ್ರೀತಿಯ ವೀಣಾ,

ನೀನು ನನ್ನನ್ನು ನೋಡಿಲ್ಲ. ನಾನು ಗಾಂಧಿ ಬಜಾರಿನ ಬಟ್ಟೆ ಅಂಗಡಿ ಶಿವಶಂಕರಪ್ಪನವರ ಹೆಂಡತಿ, ಪೇಪರಿನಲ್ಲಿ ನಿನ್ನ ಜೊತೆ ಜಗಳಕ್ಕೆ ನಿಂತಿರುವ ಜ್ಞಾನೇಶನ ತಾಯಿ. ಹೆದರಬೇಡ ಮಾರಾಯ್ತಿ, ಬೈಯಲು ಬರೆಯುತ್ತಿಲ್ಲ. ನಿನಗೆ ಥ್ಯಾಂಕ್ಸ್ ಹೇಳಬೇಕಿತ್ತು.

ನಮ್ಮೂರ ಮಕ್ಕಳೆಲ್ಲ ಎಳ್ಳು ಬೀರುವಾಗ ಹಾಡುವ ಸಂಕ್ರಾಂತಿ ಪದ್ಯ ನಿನ್ನ ಅಜ್ಜಿ ಬಂಗಾರಮ್ಮ ಬರೆದದ್ದು ಎಂದು ನೀನು ಬರೆದಿದ್ದನ್ನು ಓದಿದೆ. ನಮ್ಮವನು ಅದು ತೀರಿಕೊಂಡ ಅಪ್ಪನದು ಅನ್ನುತ್ತಾನೆ. ಈ ಹಬ್ಬಕ್ಕೆ ಶಾಲೆಯ ಗೋಡೆಗೆ ಪದ್ಯದ ಕಲ್ಲು ಕೂರಿಸಿ, ಅಪ್ಪನ ಹೆಸರು ಕೆತ್ತಿಸಲು ಹೊರಟಿದ್ದಾನೆ. ನನಗೆ ಕಣ್ಣಲ್ಲಿ ನೀರು ಬಂದದ್ದು ಅದಕ್ಕಲ್ಲ. ನೀನು ಮೊದಲ ಸಾಲನ್ನು ಸರಿಯಾಗಿ ಬರೆದಿದ್ದೆ.

ಮೊದಲ ಕೂಗಿಗೆ ಎದ್ದಳು ಅಮ್ಮ,
ಎಳ್ಳು ಹುರಿದಳು ಘಮ್ಮ ಘಮ್ಮ;
ಬೆಲ್ಲ ಕೊಬ್ಬರಿ ಬೆರೆಸಿದಳಮ್ಮ,
ಪಕ್ಕದ ಮನೆಗೇ ಮೊದಲಮ್ಮ.

ಇಲ್ಲಿ ಎಲ್ಲರೂ ಹಾಡುವುದು ಕೋಳಿ ಕೂಗಿಗೆ ಎಂದು. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಕೂಗು ಅಂದರೆ ಕಾರ್ಖಾನೆಯ ಸೈರನ್ ಎಂದು ಶಿವಮೊಗ್ಗದವರಿಗೇನು ಗೊತ್ತು? ನಮ್ಮ ಯಜಮಾನರು ಹಬ್ಬದ ಕೈಚೀಲದ ಮೇಲೆ ಪದ್ಯ ಅಚ್ಚು ಹಾಕಿಸುವಾಗ, ಮೊದಲ ಕೂಗು ಅಂದರೆ ಗಿರಾಕಿಗಳಿಗೆ ತಿಳಿಯಲ್ಲ ಎಂದು ಕೋಳಿ ಸೇರಿಸಿದರು. ಮೊಟ್ಟೆಯನ್ನೂ ಹೊಸಿಲು ದಾಟಲು ಬಿಡದ ಮನೆಯವರು, ಹಬ್ಬದ ಪದ್ಯದೊಳಗೆ ಕೋಳಿ ತಂದು ಬಿಟ್ಟರು ನೋಡು! ಕೆಳಗೆ ಅಂಗಡಿಯ ಹೆಸರು, ಅದರ ಕೆಳಗೆ ತಮ್ಮ ಹೆಸರು. ಜನ ಅವರನ್ನೇ ಕವಿ ಅಂದರು, ಅವರೂ ಅಲ್ಲ ಅನ್ನಲಿಲ್ಲ. ಒಳ್ಳೆಯ ಮನುಷ್ಯರೇ, ಆದರೆ ಯಾರಾದರೂ ಹೊಗಳಿದರೆ ಕರಗಿಬಿಡುತ್ತಿದ್ದರು.

ಪದ್ಯ ಬರೆದವಳು ನಾನು, ವೀಣಾ.

ನಾನು ಬೆಳೆದದ್ದು ನಿನ್ನ ಅಜ್ಜಿಯ ಕ್ವಾರ್ಟರ್ಸಿನ ಸಾಲಿನಲ್ಲೇ. ನನಗೆ ತಾಯಿ ಇರಲಿಲ್ಲ. ಅಪ್ಪ ಶಿಫ್ಟಿಗೆ ಹೋದ ಮೇಲೆ ನನ್ನ ತಲೆ ಬಾಚಿ, ಜಡೆ ಹಾಕಿ ಸ್ಕೂಲಿಗೆ ಕಳಿಸುತ್ತಿದ್ದವರು ಬಂಗಾರಮ್ಮ. ಕಾಲೇಜು ಸೇರಿದ ವರ್ಷ ಅವರ ಮೇಲೆ ಈ ಪದ್ಯ ಕಟ್ಟಿ, ಅವರ ಒಲೆಯ ಮುಂದೆಯೇ ಕೂತು ಹಾಡಿದೆ. ಸುಮ್ಮನಿರೇ ಎಂದು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಗ ಚಿಕ್ಕವನಿದ್ದ ನಿನ್ನ ಅಪ್ಪ ಕಲ್ಲಪ್ಪ, ಇದು ನಮ್ಮಮ್ಮನ ಪದ್ಯ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅಮ್ಮನ ಮೇಲೆ ಬರೆದ ಪದ್ಯ ಎಂದು ಅವನ ಅರ್ಥ. ನೀನು ಅಮ್ಮ ಬರೆದ ಪದ್ಯ ಅಂದುಕೊಂಡೆ. ನಿನ್ನ ತಪ್ಪಿಲ್ಲ ಬಿಡು, ಮಾತೇ ಹಾಗಿದೆ. ಆದರೆ ಒಂದಕ್ಷರ ಕೆಡಿಸದೆ ನಿನಗೆ ಕಲಿಸಿ ಹೋಗಿದ್ದಾನಲ್ಲ, ಪುಣ್ಯಾತ್ಮ! ಅವನನ್ನು ನೆನೆದು ನಿನ್ನೆಯೆಲ್ಲ ಅತ್ತೆ.

ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎನ್ನಬಹುದು. ನನ್ನನ್ನು ಯಾರು ಕೇಳಿದರು? ಮೊನ್ನೆ ಜ್ಞಾನೇಶನಿಗೆ ನಾನಾಗಿಯೇ ಹೇಳಿದೆ. ನಕ್ಕ. ಅಪ್ಪ ಹೋದ ಮೇಲೆ ನಿನಗೆ ಏನೇನೋ ಅನಿಸುತ್ತಿದೆ, ಮಾತ್ರೆ ತಗೊಂಡು ಮಲಗಮ್ಮ ಎಂದ. ಮೈಯೆಲ್ಲ ಉರಿದುಹೋಯಿತು. ಆ ಕಲ್ಲಿನ ಮೇಲೆ ನನಗೆ ನನ್ನ ಹೆಸರು ಬೇಕು. ಈ ವಯಸ್ಸಿಗೆ ಎಂಥ ಆಸೆ ಎಂದು ಬೇಕಾದರೆ ನಗು, ಆದರೆ ಬೇಕು. ಬಂಗಾರಮ್ಮನವರ ಮೇಲೆ ಬರೆದದ್ದು ಎಂದೂ ಅಲ್ಲಿ ಇರಬೇಕು.

ನಿನ್ನ ಅಪ್ಪ ಏನು ಹೇಳುತ್ತಿದ್ದ ಎಂದು ನೀನೊಬ್ಬಳು ಬಂದು ಹೇಳಿದರೆ ಇವನು ನಂಬಿಯಾನು. ಬರೆದವಳು ನಿನ್ನ ಅಜ್ಜಿ ಅನ್ನುವುದನ್ನು ಬಿಟ್ಟುಕೊಡು ಎಂದು ಕೇಳುತ್ತಿದ್ದೇನೆ, ಸಣ್ಣ ವಿಷಯವಲ್ಲ. ಬರದಿದ್ದರೂ ಬೇಜಾರಿಲ್ಲ. ಆ ಕೂಗು ಇನ್ನೊಂದು ಬಾಯಲ್ಲಿ ಉಳಿದಿದೆಯಲ್ಲ, ನನಗೆ ಆಗಲೇ ಹಬ್ಬ ಬಂದ ಹಾಗಿದೆ.

ನಿನ್ನ ಅಜ್ಜಿಯ ಕೈತುತ್ತು ತಿಂದು ಬೆಳೆದ
ವೀರಮ್ಮ

ತಾ.ಕ.: ವಿಳಾಸ ಬರೆದುಕೊಡು ಎಂದು ಇದನ್ನು ಜ್ಞಾನೇಶನ ಕೈಗೇ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದ. ಆಮೇಲೆ, ಅಮ್ಮಾ, ಪದ್ಯದಲ್ಲಿ ಬರುತ್ತಲ್ಲ, ಆ ಪಕ್ಕದ ಮನೆ ಯಾರದು ಎಂದು ಕೇಳಿದ. ನಮ್ಮದೇ ಕಣೋ, ಕ್ವಾರ್ಟರ್ಸಿನಲ್ಲಿ ನಾನೂ ನನ್ನಪ್ಪನೂ ಇದ್ದ ಮನೆ ಎಂದೆ. ಈಗ ಹೊರಗೆ ನಿಂತು ಕಲ್ಲು ಕೆತ್ತುವವನಿಗೆ ಫೋನ್ ಮಾಡುತ್ತಿದ್ದಾನೆ.