ಬೆನ್ನಿಗೆ ಗುಂಡಿಯಿರುವ ಅಂಗಿ

ಮಗಳೇ,

ನೀನು ಮುನಿಸಿಕೊಂಡು ಚಿಕ್ಕಮ್ಮನ ಮನೆಗೆ ಹೋದ ಮೇಲೆ ನಿನ್ನ ಮೊಲಕ್ಕೆ ಗರ್ಭಕೋಶದ ಆಪರೇಷನ್ ಮಾಡಿಸಿದೆ. "ಮೊಲಕ್ಕೆಲ್ಲ ಎಂಥಾ ಆಪರೇಷನ್" ಎಂದು ನಿನ್ನ ಮೇಲೆ ರೇಗಿದವನು ನಾನೇ.

ಇವತ್ತಿಗೆ ಐದು ದಿನ. ಗಾಯ ಒಣಗಿದೆ, ಕೆಂಪಾಗಿಲ್ಲ. ಹುಲ್ಲು ತಿನ್ನುತ್ತಿದೆ. ಹೊಲಿಗೆ ಕಚ್ಚದಿರಲೆಂದು ನಿನ್ನ ಹಳೆಯ ಫ್ರಾಕಿನಲ್ಲಿ ಅದಕ್ಕೊಂದು ಅಂಗಿ ಹೊಲಿದೆ. ಅಭ್ಯಾಸಬಲದಿಂದ ಗುಂಡಿಗಳನ್ನು ಮುಂದಕ್ಕೇ ಇಟ್ಟೆ. ಸರಿಯಾಗಿ ಗಾಯದ ಮೇಲೆ ಕೂತವು. ಡಾಕ್ಟರಮ್ಮ ನಕ್ಕುಬಿಟ್ಟರು: "ನಲವತ್ತು ವರ್ಷದ ಟೈಲರ್ ನೀವು, ಹೊಟ್ಟೆ ಯಾವ ಕಡೆ ಅಂತ ಗೊತ್ತಿಲ್ವಾ?" ಬಿಚ್ಚಿ ಬೆನ್ನಿಗೆ ಹಾಕಿದೆ.

ಭಾನುವಾರ ಹೊಲಿಗೆ ತೆಗೆಯುತ್ತಾರೆ. ಆಗ ಅಲುಗದಂತೆ ಹಿಡಿಯಬೇಕಂತೆ. ನನ್ನ ಕೈಲಿ ನಿಲ್ಲುವುದಿಲ್ಲ. ಬೆಳಗಿನ ಬಸ್ಸಿಗೆ ಬಾ. ನೀನು ಹಿಡಿದರೆ ಅದು ಸುಮ್ಮನಿರುತ್ತದೆ. ನಾನೂ ಸುಮ್ಮನಿರುತ್ತೇನೆ.

ನಿನ್ನ ಅಪ್ಪ