ಕೈರೋಗೆ ನೀವು ಯಾಕೆ ಹೋಗಿದ್ದಿರಿ

ಅಪ್ಪ,

ತೀರ್ಥರೂಪ ಎಂದು ಬರೆಯಲು ಹೊರಟ ಕೈ ಅಲ್ಲೇ ನಿಂತುಬಿಟ್ಟಿತು. ನೀವು ಹೋಗಿ ಎಂಟು ತಿಂಗಳಾಯಿತು. ಈ ಎಂಟು ತಿಂಗಳೂ ನಾನು ನಿಮ್ಮ ಮೇಲೆ ಅನುಮಾನ ಇಟ್ಟುಕೊಂಡೇ ಬದುಕಿದ್ದೇನೆ. ಅಮ್ಮನಿಗೆ ಹೇಳಿಲ್ಲ. ಇವತ್ತು ಶುಕ್ರವಾರ, ಈ ಅರಬರ ದೇಶದಲ್ಲಿ ಆಫೀಸಿಗೆ ರಜೆ, ಮತ್ರಾದ ಗಲ್ಲಿಯಲ್ಲಿ ಸದ್ದೇ ಇಲ್ಲ. ನಿಮಗಾದರೂ ಹೇಳಿಬಿಡುತ್ತೇನೆ.

ನಿಜ್ವಾದಲ್ಲಿ ನಿಮ್ಮ ಕೋಣೆ ಖಾಲಿ ಮಾಡಲು ಹೋದ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ಕ್ಲಿನಿಕ್ಕಿನಲ್ಲಿ ಔಷಧಿ ಕೊಡುವ ಹಮೀದಣ್ಣ ನಿಮ್ಮ ಅಂಗಿಗಳನ್ನು ಮಡಚಿ ಸೂಟ್‌ಕೇಸಿಗೆ ಹಾಕುತ್ತಿದ್ದರು. ಕಪಾಟಿನ ತಳದಲ್ಲಿ ನಿಮ್ಮ ಹಳೆಯ ಪಾಸ್‌ಪೋರ್ಟ್ ಸಿಕ್ಕಿತು. ಸುಮ್ಮನೆ ತಿರುವಿದೆ. ಎಂಬತ್ತೈದರ ಮೇ ತಿಂಗಳು, ಈಜಿಪ್ಟಿನ ಮೊಹರು. ಒಳಗೆ ಹೋದದ್ದೊಂದು, ಒಂಬತ್ತು ದಿನ ಬಿಟ್ಟು ಹೊರಗೆ ಬಂದದ್ದೊಂದು. ಆ ಮೇ ತಿಂಗಳನ್ನು ನಾನು ಹೇಗೆ ಮರೆಯಲಿ? ಚಿಕ್ಕಮ್ಮನ ಮದುವೆ. ರಜೆ ಸಿಗಲಿಲ್ಲ ಎಂದು ನೀವು ಕಾಗದ ಬರೆದಿದ್ದಿರಿ. ಕೇಳಿದವರಿಗೆಲ್ಲ ಅಮ್ಮ, "ಅವರ ಧಣಿ, ಆ ಕಫೀಲ್, ಬಿಡಲಿಲ್ಲವಂತೆ, ಎಂತ ಮಾಡುದು" ಎಂದು ನಗುತ್ತಾ ಹೇಳಿ, ಹಿಂದಿನ ಜಗಲಿಗೆ ಹೋಗಿ ಕಣ್ಣೊರೆಸಿಕೊಂಡಿದ್ದಳು.

ಪಾಸ್‌ಪೋರ್ಟಿನ ನಡುವೆ ಒಂದು ಚೀಟಿ ಇತ್ತು. ನಿಮ್ಮದೇ ಅಕ್ಷರ. ಮಿಸ್ ನಾದಿಯಾ, ಆಮೇಲೆ ಒಂದು ಬೀದಿಯ ಹೆಸರು, ಶುಬ್ರಾ, ಕೈರೋ.

"ಹಮೀದಣ್ಣ, ಅಪ್ಪ ಈಜಿಪ್ಟಿಗೆ ಹೋಗಿದ್ದರಾ?"

ಅವರು ತಲೆ ಎತ್ತಲಿಲ್ಲ. "ಅದೆಲ್ಲ ಖಲಾಸ್ ಆದ ಸಂಗತಿ ಮಗಳೇ. ಈಗ ಅದನ್ನು ಕೆದಕುದು ಯಾಕೆ?"

ಖಲಾಸ್ ಆಗಿದ್ದರೆ ಆ ಚೀಟಿಯನ್ನು ಯಾಕೆ ಅಷ್ಟು ಜೋಪಾನ ಮಾಡಿದಿರಿ? ಆ ಹೆಂಗಸು ನಿಮಗೆ ಯಾರು? ಅಲ್ಲಿ ನನಗೊಬ್ಬ ತಂಗಿಯೋ ತಮ್ಮನೋ ಇದ್ದಾರೋ? ಒಂದು ಅನುಮಾನ ಹುಟ್ಟಿದ್ದೇ ತಡ, ನಿಮ್ಮ ಹಳೆಯದೆಲ್ಲ ಬೇರೆಯೇ ಆಗಿ ಕಾಣತೊಡಗಿತು. ನೀವು ನನಗೆ ಇಲ್ಲಿ ಟೈಪಿಸ್ಟ್ ಕೆಲಸ ಕೊಡಿಸಿದ ಮೇಲೂ, ನಿಜ್ವಾಕ್ಕೆ ಬರುತ್ತೇನೆ ಎಂದಾಗಲೆಲ್ಲ "ಬೇಡ, ನಾನೇ ಬರ್ತೇನೆ" ಎನ್ನುತ್ತಿದ್ದುದು ಕೂಡ...

ಹೊರಟೇಬಿಟ್ಟೆ, ಅಪ್ಪ. ಒಬ್ಬಳೇ. ಅಮ್ಮನಿಗೆ ಫೋನಿನಲ್ಲಿ ಆಫೀಸಿನ ಕೆಲಸಕ್ಕೆ ದುಬೈಗೆ ಎಂದೆ. ನನ್ನ ಜತೆ ಕೋಣೆಯಲ್ಲಿರುವ ಶಶಿಕಲಾ, "ಕೈರೋಗೆ ಒಬ್ಬಳೇ ಹೋಗುದಾ? ಎಂತಕ್ಕೆ ಮಾರಾಯ್ತಿ?" ಎಂದು ಕೇಳಿದಾಗ, ಪಿರಮಿಡ್ ನೋಡಲು ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಎಂದು ಗೊತ್ತಿರಲಿಲ್ಲ. ನಿಮಗೂ ಹೀಗೇ ಬಂತಾ?

ವಿಮಾನ ಇಳಿದದ್ದೇ ಆ ಊರು ಮೈಮೇಲೆ ಬಿದ್ದ ಹಾಗಾಯಿತು. ಹಾರ್ನುಗಳು, ಕತ್ತೆ ಗಾಡಿಗಳು, ಬಸ್ಸಿನ ಬಾಗಿಲಲ್ಲಿ ಜೋತು ಬಿದ್ದ ಜನ, ತಲೆಯ ಮೇಲೆ ರೊಟ್ಟಿಯ ಹಲಗೆ ಹೊತ್ತು ಸೈಕಲ್ ತುಳಿಯುವವನು. ನಾಲ್ಕನೇ ಮಾಳಿಗೆಯಿಂದ ಒಬ್ಬಳು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಕೆಳಗಿನ ತರಕಾರಿಯವನ ಜತೆ ಜಗಳ ಆಡುತ್ತಿದ್ದಳು. ಬೇರೆ ಸಮಯದಲ್ಲಾಗಿದ್ದರೆ ನಿಂತು ನೋಡುತ್ತಿದ್ದೆನೇನೋ. ಆದರೆ ನನಗೆ ಎಲ್ಲರ ಮೇಲೂ ಸಂಶಯ. ಹೋಟೆಲಿನವನು "ಗಂಡ ಎಲ್ಲಿ?" ಎಂದ, ಕೋಣೆಗೆ ಹೋಗಿ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟೆ. ರಸ್ತೆ ದಾಟಲಾಗದೆ ನಿಂತಿದ್ದಾಗ ಒಬ್ಬ ಮುದುಕಿ ನನ್ನ ಕೈ ಹಿಡಿದಳು, ಕಳ್ಳಿಯೆಂದು ಕೊಸರಿಕೊಂಡೆ. ಪಾಪ, ಅವಳು ದಾಟಿಸಲು ಬಂದಿದ್ದಳು. ನನ್ನ ಮತ್ರಾದ ಅರಬಿ ಕೇಳಿ ಟ್ಯಾಕ್ಸಿಯವನಿಗೆ ನಗುವೋ ನಗು. ಚೀಟಿ ನೋಡಿ ಅವನು ಮೂರು ಅಂಗಡಿಗಳ ಮುಂದೆ ನಿಲ್ಲಿಸಿ ವಿಳಾಸ ಕೇಳಿದ. ಪ್ರತಿ ಸಲವೂ ಅವರು ನನ್ನ ಕಡೆ ತಿರುಗಿ ನೋಡುತ್ತಿದ್ದರು. ಈ ಊರಿಗೆಲ್ಲ ನಿಮ್ಮ ಕಥೆ ಗೊತ್ತಿದೆ, ಗೊತ್ತಿಲ್ಲದವಳು ನಾನೊಬ್ಬಳೇ ಎನ್ನಿಸಿತು.

ಶುಬ್ರಾದ ಆ ಹಳೆಯ ಕಟ್ಟಡದಲ್ಲಿ ಮೂರನೇ ಮಾಳಿಗೆ. ಬಾಗಿಲು ಸರಪಳಿ ಬಿಟ್ಟಷ್ಟೇ ತೆರೆಯಿತು. ಐವತ್ತು ದಾಟಿದ ಹೆಂಗಸು, ಕನ್ನಡಕ, ಬೆರಳಲ್ಲಿ ಸೀಮೆಸುಣ್ಣದ ಪುಡಿ. ನಿಮ್ಮ ಹೆಸರು ಹೇಳಿದೆ.

"ಯಾರು ಕಳಿಸಿದ್ದು?" ಇಂಗ್ಲಿಷಿನಲ್ಲಿ ಕೇಳಿದರು. ಅವರ ಕಣ್ಣಲ್ಲೂ ಸಂಶಯ.

"ಯಾರೂ ಅಲ್ಲ. ನಾನು ಅವರ ಮಗಳು. ನನ್ನ ತಂದೆ ನಿಮಗೆ ಏನಾಗಬೇಕು?"

"ನನ್ನ ತಮ್ಮನನ್ನು ಕೊಂದವರು," ಎಂದರು. ಆಮೇಲೆ ಸರಪಳಿ ತೆಗೆದರು.

ಒಳಗೆ ಕೂರಿಸಿ ಅವರು ಹೇಳಿದ್ದು ನಿಮಗೆ ಗೊತ್ತಿರುವುದೇ. ಆದರೂ ನಾನು ಬರೆಯಲೇಬೇಕು, ನೀವು ಒಮ್ಮೆಯೂ ನನ್ನೆದುರು ಬಾಯಿ ಬಿಡಲಿಲ್ಲವಲ್ಲ. ಅವರ ತಮ್ಮ ಸಮೀರ್ ನಿಮ್ಮ ಕ್ಲಿನಿಕ್ಕಿನ ಲ್ಯಾಬಿನಲ್ಲಿದ್ದವರು, ನಿಮ್ಮ ಕೋಣೆಯಲ್ಲೇ ಇದ್ದವರು. ಒಂದು ಶುಕ್ರವಾರ ಸೀಬಿನ ಸೂಕ್ ಪೇಟೆಗೆ ಹೋಗಿ, ಊಟ ಮಾಡಿ ಮಧ್ಯಾಹ್ನ ಹಿಂದೆ ಬರುವಾಗ ಕಾರು ಮಗುಚಿತು. ನಡೆಸುತ್ತಿದ್ದವರು ನೀವು. ಸಮೀರ್ ಅಲ್ಲೇ ಹೋದರು. ಒಂಟೆ ಅಡ್ಡ ಬಂತು ಎಂದು ನೀವು ಪೊಲೀಸರಿಗೆ ಹೇಳಿದಿರಿ. ಅವರು ಹಾಗೆಯೇ ಬರೆದುಕೊಂಡರು.

"ಮುಂದಿನ ತಿಂಗಳು ನಿಮ್ಮ ತಂದೆ ಇಲ್ಲಿಗೆ ಬಂದರು," ಎಂದರು ನಾದಿಯಾ. "ಒಂಟೆ ಇರಲಿಲ್ಲ, ನನಗೆ ನಿದ್ದೆ ಬಂತು ಅಂದರು. ನಾನು ಬಾಗಿಲು ಹಾಕಿದೆ. ಆ ಮೆಟ್ಟಿಲ ಮೇಲೆ ಕೂತರು. ಮರುದಿನವೂ ಬಂದರು, ಅದರ ಮರುದಿನವೂ. ನನ್ನ ವಿಳಾಸ ಬರೆದುಕೊಳ್ಳಿ, ಪೊಲೀಸರಿಗೆ ತಿಳಿಸಿ, ನಾನು ಓಡಿಹೋಗುವುದಿಲ್ಲ ಅಂದರು. ನೀವೇ ಯಾಕೆ ಹೇಳಬಾರದು ಎಂದು ಕೇಳಿದೆ. ಧೈರ್ಯ ಇಲ್ಲ ಅಂದರು."

ಆಮೇಲೆ ನೀವು ಒಂದು ಫೋಟೊ ತೋರಿಸಿದಿರಂತೆ. ಅಮ್ಮ, ಮತ್ತು ಎರಡು ಜಡೆಯ ನಾನು. ಅಪ್ಪ, ಅದನ್ನು ಬೇಕೆಂದೇ ಒಯ್ದಿದ್ದಿರಾ? ನಮ್ಮಿಬ್ಬರ ಮುಖ ನೋಡಿ ಅವರ ಮನಸ್ಸು ಕರಗಲಿ ಎಂದು? ಈ ಸಂಶಯ ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. ನೀವು ಬೇರೆ ಸಂಸಾರ ಕಟ್ಟಿರಲಿಲ್ಲ ಎಂದು ಗೊತ್ತಾದ ಆ ಕ್ಷಣದಲ್ಲಿ ನನಗೆ ಹಗುರಾಯಿತು, ನಿಜ. ಆ ಹಗುರಕ್ಕೇ ನಾಚಿಕೆಯೂ ಆಯಿತು. ಎದುರಿಗೆ ತಮ್ಮನನ್ನು ಕಳೆದುಕೊಂಡವರು ಕೂತಿದ್ದರು.

ಮೇಜಿನ ಖಾನೆಯಿಂದ ಒಂಬತ್ತು ಕಾಗದ ತೆಗೆದು ನನ್ನ ಮುಂದಿಟ್ಟರು. ವರ್ಷಕ್ಕೊಂದು. ಎಲ್ಲದರಲ್ಲೂ ಒಂದೇ ಸಾಲು: ನಾನು ಇನ್ನೂ ಇಲ್ಲೇ ಇದ್ದೇನೆ. ಕೆಳಗೆ ನಿಜ್ವಾದ ವಿಳಾಸ. "ಈ ಸಲ ಬರಲಿಲ್ಲ," ಎಂದರು. "ಆಗಲೇ ಅಂದುಕೊಂಡೆ." ನೀವು ಕೆಲಸ ಮಾಡುತ್ತಿದ್ದ ಎಕ್ಸ್‌ರೇ ಕೋಣೆಯಲ್ಲೇ ಕುಸಿದುಬಿದ್ದು ತೀರಿಕೊಂಡದ್ದನ್ನು ಹೇಳಿದೆ. "ನೋವು ತಿಂದರಾ?" ಎಂದು ಕೇಳಿದರು. ಇಲ್ಲ ಎಂದೆ. ಅವರು ತಲೆಯಾಡಿಸಿದರು. ಅದು ಸಮಾಧಾನವೋ ನಿರಾಸೆಯೋ ನನಗೆ ತಿಳಿಯಲಿಲ್ಲ.

ತಿರುಗಿ ಬಂದ ಮೇಲೆ ನಿಜ್ವಾಕ್ಕೆ ಹೋಗಿ ಹಮೀದಣ್ಣನನ್ನು ಹಿಡಿದು ಕೇಳಿದೆ. "ಒಂಟೆ ಇರಲಿಲ್ಲವಂತಲ್ಲ?" ಅವರು ಗಲ್ಲ ಕೆರೆದುಕೊಂಡರು. "ನಿಮ್ಮಪ್ಪ ಇತ್ತು ಅಂದ್ರು ಮಗಳೇ. ನಾವು ನಂಬಿದ ಹಾಗೆ ಮಾಡಿದ್ದು." ನಿಮ್ಮ ಜತೆಯವರೂ ಅಷ್ಟೇ ನಂಬಿದ್ದು, ಅಪ್ಪ.

ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ. ಅಮ್ಮನಿಗೆ ಎಲ್ಲವನ್ನೂ ಹೇಳುತ್ತೇನೆ, ನಿದ್ದೆಯನ್ನೂ. ಸಿಟ್ಟು ಮಾಡಬೇಡಿ. ರಜೆ ಸಿಗಲಿಲ್ಲ ಎಂಬ ಮಾತನ್ನು ಅಮ್ಮ ನಿಜವಾಗಿ ನಂಬಿದ್ದಳೋ, ಹಮೀದಣ್ಣನ ಹಾಗೆ ನಂಬಿದಂತೆ ಮಾಡಿದ್ದಳೋ, ಅದೂ ನನಗೆ ಗೊತ್ತಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ನಾದಿಯಾ ಅವರನ್ನು ಕೇಳಿದೆ: "ಪೊಲೀಸರಿಗೆ ನೀವು ಬರೆಯಲೇ ಇಲ್ಲವಾ?"

"ಬರೆದಿದ್ದೆ. ನಾಲ್ಕು ಪುಟ. ನಿಮ್ಮ ತಂದೆ ವಿಮಾನ ಹತ್ತಿದ ದಿನವೇ. ಮರುದಿನ ನಾನೇ ಹರಿದುಹಾಕಿದೆ."

"ಅವರಿಗೊಂದು ಮಾತು ತಿಳಿಸಬಹುದಿತ್ತಲ್ಲ?"

"ಕಾಯಲಿ ಎಂದು ಬಿಟ್ಟೆ," ಎಂದರು. "ಅಷ್ಟು ಶಿಕ್ಷೆಯಾದರೂ ಬೇಡವಾ?"

ಕ್ಲಿನಿಕ್ಕಿನ ಬಾಗಿಲಲ್ಲಿ ಯಾವ ಯೂನಿಫಾರಂ ಕಂಡರೂ ನಿಮ್ಮ ಎದೆ ಹಾರುತ್ತಿತ್ತೋ ಏನೋ. ಅಪ್ಪ, ಪೊಲೀಸರು ಬರುವವರೇ ಇರಲಿಲ್ಲ. ಆ ಒಂಬತ್ತು ವರ್ಷದಲ್ಲಿ ಒಂದು ದಿನವೂ.

ನಿಮ್ಮ ಮಗಳು,
ಸುಜಾತ